ತಣ್ಣಗಾಗದೆ ಗಟ್ಟಿಯಾಗುವ ದ್ರವ: ಲೋಹದ ಕಾಂಪೋಸಿಟ್‌ಗಳನ್ನು ಬೆಸೆಯುವ ವಿಸರಣಾ ಬ್ರೇಜಿಂಗ್



ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಶಾಲೆಗೆ ಬಂದಿದ್ದ. ನಮ್ಮಲ್ಲಿ ಹತ್ತನೇ ತರಗತಿ ಮುಗಿಸಿ, ಐಟಿಐಯಲ್ಲಿ ವೆಲ್ಡಿಂಗ್ ಕಲಿತು, ಈಗ ಹೊಸೂರಿನ ಒಂದು ಚಿಕ್ಕ ವರ್ಕ್‌ಶಾಪಿನಲ್ಲಿ ಕೆಲಸ ಮಾಡ್ತಾನೆ. ಅಲ್ಯೂಮಿನಿಯಂಗೆ 'ಆರ್ಗಾನ್ ವೆಲ್ಡಿಂಗ್' ಮಾಡೋದರಲ್ಲಿ ಅವನ ಕೈ ಚೆನ್ನಾಗಿದೆ ಅಂತ ಅಲ್ಲಿ ಹೆಸರಿದೆ. ಆವತ್ತು ಮಾತ್ರ ಮುಖ ಸಪ್ಪಗಿತ್ತು. ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದ. ಒಳಗೆ ಬೂದು ಬಣ್ಣದ ಚೂರುಗಳು, ಸ್ವಲ್ಪ ಪುಡಿ.

"ಮೇಡಂ, ಇದು ನಾನು ಮಾಡಿದ ವೆಲ್ಡಿಂಗ್. ಮೂರು ವಾರಕ್ಕೆ ಹಿಂಗಾಯ್ತು. ಮಾಲೀಕರು ಎರಡು ದಿನದ ಸಂಬಳ ಹಿಡಿದ್ರು. ನಾನು ಏನು ತಪ್ಪು ಮಾಡಿದೆ ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

ಮುರಿದಿದ್ದ ಒಂದು ಯಂತ್ರಭಾಗವನ್ನು ಗಿರಾಕಿಯೊಬ್ಬರು 'ಅಲ್ಯೂಮಿನಿಯಂ' ಅಂತ ಹೇಳಿ ತಂದಿದ್ದರಂತೆ. ಅಂಚು ಉಜ್ಜಲು ಹೋದರೆ ಅರವೇ ಸವೆಯಿತಂತೆ. ಟಾರ್ಚ್ ಹಿಡಿದಾಗ ಲೋಹ ನೀರಿನಂತೆ ಹರಿಯಲಿಲ್ಲ, ಗಂಜಿಯಂತೆ ನಿಂತಿತು. ಶಾಖ ಸಾಲದು ಅಂದುಕೊಂಡು ಇವನು ಇನ್ನೂ ಹೆಚ್ಚಿಸಿದ. ಬೆಸುಗೆ ಕೂತಿತು, ನೋಡಲು ಚೆನ್ನಾಗೂ ಇತ್ತು. ಆಮೇಲೆ ಆ ಭಾಗ ಮಳೆಯ ತೇವದಲ್ಲಿ ಬಿದ್ದಿತ್ತು. ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಟ್ಟು ಪುಡಿ ಉದುರಿತು. ಗಿರಾಕಿ ವಾಪಸ್ ತಂದಾಗ ಹೇಳಿದರಂತೆ, ಅದು ಬರೀ ಅಲ್ಯೂಮಿನಿಯಂ ಅಲ್ಲ, ಸಿಲಿಕಾನ್ ಕಾರ್ಬೈಡ್ ಪುಡಿ ಸೇರಿಸಿ ಮಾಡಿದ ಲೋಹ ಅಂತ.

"ನಾವು ಕನ್ನಡ ಮೀಡಿಯಂ ಅಲ್ವಾ ಮೇಡಂ, ಇಂಥದ್ದೆಲ್ಲ ನಮ್ಮ ಪಾಠದಲ್ಲಿ ಇರಲಿಲ್ಲ" ಅಂದ. ಆ ಮಾತು ನನಗೆ ಚುಚ್ಚಿತು. ಪೊಟ್ಟಣ ಇಟ್ಟುಕೊಂಡು, ಒಂದು ವಾರ ಓದಿ, ಅವನಿಗೆ ಉತ್ತರ ಕೊಟ್ಟೆ. ಆ ಉತ್ತರವೇ ಈ ಲೇಖನ. ಗಡಿಯಾಚೆಯ ನಮ್ಮ ಶಾಲೆಗಳಲ್ಲಿ ಪಠ್ಯಪುಸ್ತಕ ರಾಜ್ಯಕ್ಕೊಂದು. ಆದರೆ ಇದಕ್ಕೆ ಬೇಕಾದ ವಿಷಯಗಳು ಎಲ್ಲ ಪುಸ್ತಕಗಳಲ್ಲೂ ಇವೆ: ವಿಸರಣೆ, ಕರಗುವ ಬಿಂದು, ಉಷ್ಣ ವ್ಯಾಕೋಚನ, ಮಿಶ್ರಲೋಹ, ಕಾರ್ಬೈಡಿನ ಮೇಲೆ ನೀರಿನ ಕ್ರಿಯೆ. ಬೇರೆ ಬೇರೆ ಪಾಠಗಳಲ್ಲಿ ಇರೋದರಿಂದ ಅವನ್ನು ಒಟ್ಟಿಗೆ ತಂದು ತೋರಿಸೋದು ನಮ್ಮ ಕೆಲಸ.

ಕಾಂಪೋಸಿಟ್ ಅಂದರೆ ಏನು?

ಮೊದಲು ಒಂದು ಪದದ ವಿಷಯ. 'ಸಂಯುಕ್ತ' ಅಂತ ಕರೆದರೆ ಮಕ್ಕಳು ರಸಾಯನಶಾಸ್ತ್ರದ ಸಂಯುಕ್ತವಸ್ತು, ಅಂದರೆ ಕಾಂಪೌಂಡ್ ಅಂದುಕೊಳ್ಳುತ್ತಾರೆ. 'ಮಿಶ್ರಲೋಹ' ಅಂದರೆ ಹಿತ್ತಾಳೆ, ಕಂಚು ನೆನಪಾಗುತ್ತವೆ. ಇದು ಎರಡೂ ಅಲ್ಲ. ಆದ್ದರಿಂದ ಕಾಂಪೋಸಿಟ್ ಅಂತಲೇ ಬಳಸೋಣ.

ತರಗತಿಗೆ ಒಂದು ಕಡಲೆಬೀಜದ ಚಿಕ್ಕಿ ತೆಗೆದುಕೊಂಡು ಹೋಗಿ. ಬೆಲ್ಲದ ಪಾಕ ಎಲ್ಲವನ್ನೂ ಹಿಡಿದಿಟ್ಟುಕೊಂಡಿದೆ. ಬೀಜ ಬೀಜವಾಗಿಯೇ ಉಳಿದಿದೆ. ಎರಡೂ ಒಂದರಲ್ಲೊಂದು ಕರಗಿಲ್ಲ. ಹಿಡಿದಿಡುವ ಬೆಲ್ಲಕ್ಕೆ 'ಮಾತೃಕೆ', ಅಂದರೆ ಮ್ಯಾಟ್ರಿಕ್ಸ್ ಅನ್ನೋಣ. ಒಳಗಿರುವ ಬೀಜ 'ಬಲವರ್ಧಕ'. ಮಾತೃಕೆಯ ಜಾಗದಲ್ಲಿ ಲೋಹ ಇದ್ದರೆ ಅದು ಲೋಹಮಾತೃಕೆಯ ಕಾಂಪೋಸಿಟ್.

ಹೆಚ್ಚು ಬಳಕೆಯಲ್ಲಿರುವ ಉದಾಹರಣೆ ಅಲ್ಯೂಮಿನಿಯಂ ಮಾತೃಕೆಯೊಳಗೆ ಸಿಲಿಕಾನ್ ಕಾರ್ಬೈಡ್ ಕಣಗಳು. ಸಿಲಿಕಾನ್ ಕಾರ್ಬೈಡ್ ಮಕ್ಕಳಿಗೆ ಹೊಸದೇನಲ್ಲ. ಕಾರ್ಬೊರಂಡಂ ಅಂತ ಕರೆಯುವ ಸಾಣೆಚಕ್ರ ಅದರಿಂದಲೇ ಆಗೋದು. ನನ್ನ ವಿದ್ಯಾರ್ಥಿಯ ಅರ ಸವೆದದ್ದಕ್ಕೆ ಕಾರಣ ಇಲ್ಲೇ ಸಿಕ್ಕಿತು: ಅವನು ಉಕ್ಕಿನ ಅರದಿಂದ ಸಾಣೆಕಲ್ಲನ್ನು ಉಜ್ಜುತ್ತಿದ್ದ.

ಇಷ್ಟೆಲ್ಲ ಕಷ್ಟ ಯಾಕೆ? ಅಲ್ಯೂಮಿನಿಯಂ ಹಗುರ, ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ; ಆದರೆ ಬಿಗಿತ ಕಡಿಮೆ, ಬೇಗ ಸವೆಯುತ್ತದೆ, ಬಿಸಿಗೆ ಹೆಚ್ಚು ಹಿಗ್ಗುತ್ತದೆ. ಐದನೇ ಒಂದು ಭಾಗದಷ್ಟು ಗಾತ್ರ ಸಿಲಿಕಾನ್ ಕಾರ್ಬೈಡ್ ಸೇರಿಸಿದರೆ ತೂಕ ಹೆಚ್ಚು ಕಡಿಮೆ ಹಾಗೇ ಇರುತ್ತದೆ, ಬಿಗಿತ ಮಾತ್ರ ಮೂರನೇ ಒಂದು ಪಾಲಿಗಿಂತ ಹೆಚ್ಚು ಏರುತ್ತದೆ. ಹಿಗ್ಗುವಿಕೆಯನ್ನು ನೋಡಿ. ಒಂದು ಮೀಟರ್ ಉದ್ದದ ಸರಳನ್ನು 100 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿ ಮಾಡಿದರೆ ಅಲ್ಯೂಮಿನಿಯಂ ಸುಮಾರು 2.3 ಮಿಲಿಮೀಟರ್ ಹಿಗ್ಗುತ್ತದೆ, ಸಿಲಿಕಾನ್ ಕಾರ್ಬೈಡ್ ಸುಮಾರು 0.4 ಮಾತ್ರ. ಚಿಪ್‌ಗಳನ್ನು ಮಾಡುವ ಸಿಲಿಕಾನ್ ಸುಮಾರು 0.26. ಬರೀ ಅಲ್ಯೂಮಿನಿಯಂ ತಳದ ಮೇಲೆ ಸಿಲಿಕಾನ್ ಚಿಪ್ ಕೂರಿಸಿದರೆ ಬಿಸಿಯಾದಾಗ ತಳ ಹಿಗ್ಗಿ ಜೋಡಣೆ ಬಿರಿಯುತ್ತದೆ. ಮುಕ್ಕಾಲು ಭಾಗಕ್ಕೆ ಸ್ವಲ್ಪ ಕಡಿಮೆ ಸಿಲಿಕಾನ್ ಕಾರ್ಬೈಡ್ ಇರುವ ಕಾಂಪೋಸಿಟ್ 0.8ರ ಆಸುಪಾಸು ಮಾತ್ರ ಹಿಗ್ಗುವುದರಿಂದ, ವಿದ್ಯುತ್ ರೈಲುಗಳ ಮೋಟಾರನ್ನು ನಿಯಂತ್ರಿಸುವ ದೊಡ್ಡ ಎಲೆಕ್ಟ್ರಾನಿಕ್ ಘಟಕಗಳಿಗೆ ಅದೇ ತಳಹಲಗೆ. 1983ರಲ್ಲಿ ಟೊಯೋಟಾ ಕಂಪನಿ ಡೀಸೆಲ್ ಎಂಜಿನ್ನಿನ ಪಿಸ್ಟನ್ನಿನಲ್ಲಿ ಸಿರಾಮಿಕ್ ನಾರು ಸೇರಿಸಿದ ಅಲ್ಯೂಮಿನಿಯಂ ಬಳಸಿತು. ಅಮೆರಿಕದ ಸ್ಪೇಸ್ ಷಟಲ್‌ನ ನಡುಭಾಗದ ಚೌಕಟ್ಟಿನಲ್ಲಿ ಬೋರಾನ್ ನಾರು ತುಂಬಿದ ಅಲ್ಯೂಮಿನಿಯಂ ಕೊಳವೆಗಳಿದ್ದವು.

ವಸ್ತು ಒಳ್ಳೆಯದೇ. ತೊಂದರೆ ಇರೋದು ಎರಡು ತುಂಡುಗಳನ್ನು ಸೇರಿಸುವಲ್ಲಿ.

ಕರಗಿಸಿದರೆ ಏನಾಗುತ್ತದೆ?

ಮುರಿದ ಚಿಕ್ಕಿಯನ್ನು ಜೋಡಿಸಲು ಅಂಚುಗಳನ್ನು ಒಲೆಯ ಮೇಲೆ ಕರಗಿಸಿ ನೋಡಿ. ಬೆಲ್ಲ ಹರಿಯುತ್ತದೆ, ಬೀಜಗಳು ಒಂದು ಕಡೆ ಗುಂಪಾಗುತ್ತವೆ, ಬೆಂಕಿ ಹೆಚ್ಚಾದರೆ ಸೀದೇ ಹೋಗುತ್ತದೆ. ಲೋಹದ ಕಾಂಪೋಸಿಟ್ಟಿನಲ್ಲೂ ಇಂಥದ್ದೇ ಮೂರು ತೊಂದರೆ.

ಒಂದು, ಗಟ್ಟಿ ಕಣಗಳು ತುಂಬಿರುವ ದ್ರವ ಸರಾಗವಾಗಿ ಹರಿಯದು. ಅವನು ಕಂಡ 'ಗಂಜಿ' ಇದೇ. ಅದು ಶಾಖದ ಕೊರತೆಯಲ್ಲ, ಆ ವಸ್ತುವಿನ ಸ್ವಭಾವ.

ಎರಡು, ಸಿಲಿಕಾನ್ ಕಾರ್ಬೈಡ್ ಕಣಗಳು ದ್ರವ ಅಲ್ಯೂಮಿನಿಯಂಗಿಂತ ಭಾರ, ಕೆಳಗಿಳಿಯುತ್ತವೆ. ತಣ್ಣಗಾಗುವಾಗ ಬೆಳೆಯುವ ಲೋಹದ ಹರಳುಗಳು ಅವನ್ನು ಮುಂದೆ ತಳ್ಳಿಕೊಂಡು ಹೋಗುತ್ತವೆ. ಒಂದು ಕಡೆ ಬರೀ ಲೋಹ, ಇನ್ನೊಂದು ಕಡೆ ಬರೀ ಕಣ ಆಗಿಬಿಡುತ್ತದೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ತುಂಬ ಬಿಸಿಯಾದ ದ್ರವ ಅಲ್ಯೂಮಿನಿಯಂ ಸುಮ್ಮನಿರೋದಿಲ್ಲ, ಕಣಗಳ ಜೊತೆ ರಾಸಾಯನಿಕ ಕ್ರಿಯೆ ನಡೆಸುತ್ತದೆ:

4 ಅಲ್ಯೂಮಿನಿಯಂ + 3 ಸಿಲಿಕಾನ್ ಕಾರ್ಬೈಡ್ → 1 ಅಲ್ಯೂಮಿನಿಯಂ ಕಾರ್ಬೈಡ್ + 3 ಸಿಲಿಕಾನ್

ಈ ಅಲ್ಯೂಮಿನಿಯಂ ಕಾರ್ಬೈಡ್ ಸೂಜಿಯಂಥ ಪೆಡಸು ಹರಳುಗಳಾಗಿ ಬೆಳೆಯುತ್ತದೆ. ಅಷ್ಟೇ ಆಗಿದ್ದರೆ ಬೆಸುಗೆ ಸ್ವಲ್ಪ ದುರ್ಬಲ ಅನ್ನಬಹುದಿತ್ತು. ಆದರೆ ಅದಕ್ಕೆ ನೀರು ಸೋಕಿದರೆ?

1 ಅಲ್ಯೂಮಿನಿಯಂ ಕಾರ್ಬೈಡ್ + 12 ನೀರು → 4 ಅಲ್ಯೂಮಿನಿಯಂ ಹೈಡ್ರಾಕ್ಸೈಡ್ + 3 ಮೀಥೇನ್

ಗ್ಯಾಸ್ ವೆಲ್ಡಿಂಗಿಗೆ ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ಹಾಕಿ ಅಸಿಟಿಲೀನ್ ಪಡೆಯುವ ಪಾಠ ನಮಗೆಲ್ಲ ಗೊತ್ತು. ಇದು ಅದರ ತಮ್ಮ. ಗಾಳಿಯ ತೇವ ಸಾಕು, ಕಾರ್ಬೈಡ್ ನಿಧಾನವಾಗಿ ಒಡೆದು ಬಿಳಿ ಪುಡಿಯಾಗುತ್ತದೆ, ಅನಿಲ ಹೊರಹೋಗುತ್ತದೆ, ಬೆಸುಗೆ ಒಳಗಿನಿಂದ ಸಡಿಲಾಗುತ್ತದೆ. ಮಳೆಗಾಲದಲ್ಲಿ ಮೂರು ವಾರಕ್ಕೆ ಪುಡಿ ಉದುರಿದ್ದು ಅದಕ್ಕೇ. ಹೆಚ್ಚು ಶಾಖ ಕೊಟ್ಟಷ್ಟೂ ಕಾರ್ಬೈಡ್ ಹೆಚ್ಚು. ಅವನು ಸರಿಪಡಿಸಲು ಮಾಡಿದ ಕೆಲಸವೇ ಕೆಡಿಸಿತು. ಒಳ್ಳೆಯ ವೆಲ್ಡರ್ ಯಾರೇ ಆಗಿದ್ದರೂ ಅಲ್ಲಿ ಅದನ್ನೇ ಮಾಡುತ್ತಿದ್ದ.

(ಸಿಲಿಕಾನ್ ಹೆಚ್ಚಿರುವ ಎರಕದ ಅಲ್ಯೂಮಿನಿಯಂ ಮಾತೃಕೆಯಾಗಿದ್ದರೆ ಈ ಕ್ರಿಯೆ ತಗ್ಗುತ್ತದೆ. ಉತ್ಪನ್ನವಾದ ಸಿಲಿಕಾನ್ ಮೊದಲೇ ಅಲ್ಲಿರುವುದರಿಂದ ಕ್ರಿಯೆ ಮುಂದೆ ಸಾಗಲು ಹಿಂಜರಿಯುತ್ತದೆ. ಲೆ ಶಾಟೆಲಿಯೇ ತತ್ವ ಕಲಿಸುವವರಿಗೆ ಇದೊಂದು ಉದಾಹರಣೆ.)

ವೆಲ್ಡಿಂಗ್, ಬ್ರೇಜಿಂಗ್, ಸಾಲ್ಡರಿಂಗ್

ಕನ್ನಡದಲ್ಲಿ ಮೂರಕ್ಕೂ 'ಬೆಸುಗೆ' ಅಂದುಬಿಡ್ತೇವೆ. ವ್ಯತ್ಯಾಸ ಹೀಗಿದೆ. ವೆಲ್ಡಿಂಗಿನಲ್ಲಿ ಸಾಮಾನ್ಯವಾಗಿ ಮೂಲ ಲೋಹವೇ ಕರಗುತ್ತದೆ. ಬ್ರೇಜಿಂಗಿನಲ್ಲಿ ಮೂಲ ಲೋಹ ಕರಗದು; ನಡುವಿನ ಬೆಸುಗೆಲೋಹ ಮಾತ್ರ ಕರಗಿ ಸಂದಿಗೆ ಹರಿಯುತ್ತದೆ. ಆ ಬೆಸುಗೆಲೋಹ 450 ಡಿಗ್ರಿಗಿಂತ ಮೇಲೆ ಕರಗಿದರೆ ಬ್ರೇಜಿಂಗ್, ಕೆಳಗೆ ಕರಗಿದರೆ ಸಾಲ್ಡರಿಂಗ್. ನಮ್ಮ ಅಕ್ಕಸಾಲಿಗರು ಬಿಳಿಗಾರ ಹಚ್ಚಿ ಊದುಕೊಳವೆಯಿಂದ ಒಡವೆ ಬೆಸೆಯೋದು ಬ್ರೇಜಿಂಗಿನ ಜಾತಿಗೆ ಸೇರಿದ್ದು.

ಮಾಮೂಲಿ ಬ್ರೇಜಿಂಗಿನಲ್ಲಿ ಒಂದು ಕೊರತೆ ಇದೆ. ನಡುವೆ ಬೇಗ ಕರಗುವ ಲೋಹದ ಪದರ ಹಾಗೇ ಉಳಿಯುತ್ತದೆ. ಆ ಭಾಗವನ್ನು ಮತ್ತೆ ಅಷ್ಟೇ ಬಿಸಿ ಮಾಡಿದರೆ ಬೆಸುಗೆ ಬಿಟ್ಟುಕೊಳ್ಳುತ್ತದೆ. ಮೂಲ ಲೋಹವನ್ನು ಕರಗಿಸದೆ ಬೆಸೆಯಬೇಕು, ಬೆಸುಗೆಯ ಪದರವೂ ಬೇರೆಯಾಗಿ ಉಳಿಯಬಾರದು. ಈ ಎರಡನ್ನೂ ಸಾಧಿಸುವ ವಿಧಾನವೇ ವಿಸರಣಾ ಬ್ರೇಜಿಂಗ್.

ಒಂದು ತೆಳು ತಾಮ್ರದ ಹಾಳೆ

ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ತಾಮ್ರ 1,085ರಲ್ಲಿ. ಎರಡನ್ನೂ ಒತ್ತಿ ಹಿಡಿದು 560 ಡಿಗ್ರಿಗೆ ಕಾಯಿಸಿದರೆ ಯಾವುದು ಕರಗುತ್ತದೆ? ಮಕ್ಕಳನ್ನು ಕೇಳಿ. "ಯಾವುದೂ ಇಲ್ಲ" ಅಂತಾರೆ. ನಾನೂ ಹಾಗೇ ಹೇಳುತ್ತಿದ್ದೆ.

ನಿಜವಾಗಿ, ಎರಡೂ ಸೇರುವ ಜಾಗದಲ್ಲಿ ದ್ರವ ಹುಟ್ಟುತ್ತದೆ. ತೂಕದಲ್ಲಿ ಶೇ. 33ರಷ್ಟು ತಾಮ್ರ, ಉಳಿದದ್ದು ಅಲ್ಯೂಮಿನಿಯಂ ಇರುವ ಮಿಶ್ರಣ 548 ಡಿಗ್ರಿಗೇ ಕರಗುತ್ತದೆ. ಇಂಥ ಅತಿ ಕಡಿಮೆ ತಾಪದಲ್ಲಿ ಕರಗುವ ಮಿಶ್ರಣಕ್ಕೆ 'ಯುಟೆಕ್ಟಿಕ್' ಅಂತ ಹೆಸರು. ಗ್ರೀಕಿನಲ್ಲಿ 'ಸುಲಭವಾಗಿ ಕರಗುವುದು' ಅಂತ ಅರ್ಥ. 1884ರಲ್ಲಿ ಈ ಹೆಸರಿಟ್ಟವರು ಇಂಗ್ಲೆಂಡಿನ ಭೌತವಿಜ್ಞಾನಿ ಫ್ರೆಡರಿಕ್ ಗುತ್ರಿ. ಕರಗುವ ಬಿಂದು ಅನ್ನೋದು ಬರೀ ಲೋಹದ ಹೆಸರಿಗೆ ಅಂಟಿಕೊಂಡ ಸಂಖ್ಯೆಯಲ್ಲ. ಅದರಲ್ಲಿ ಏನು ಎಷ್ಟು ಬೆರೆತಿದೆ ಅನ್ನುವುದರ ಮೇಲೆ ನಿಂತಿದೆ. ಇದೊಂದನ್ನು ಮಕ್ಕಳು ಹಿಡಿದರೆ ಮುಂದಿನದೆಲ್ಲ ಸುಲಭ.

ಈಗ ಕೆಲಸದ ಹಂತಗಳು.

ಮೊದಲು, ಕಾಂಪೋಸಿಟ್ ತುಂಡುಗಳ ಮುಖಗಳನ್ನು ನಯಮಾಡಿ, ಜಿಡ್ಡು ತೆಗೆದು, ನಡುವೆ ಕೆಲವೇ ಮೈಕ್ರೋಮೀಟರ್ ದಪ್ಪದ ತಾಮ್ರದ ಹಾಳೆ ಇಡುತ್ತಾರೆ ಅಥವಾ ತಾಮ್ರದ ಲೇಪ ಕೊಡುತ್ತಾರೆ. ಮೈಕ್ರೋಮೀಟರ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಿರ್ವಾತ ಕುಲುಮೆಯಲ್ಲಿಟ್ಟು ಹದವಾಗಿ ಒತ್ತುತ್ತಾರೆ.

ಎರಡನೆಯದಾಗಿ, 548ಕ್ಕಿಂತ ಮೇಲೆ, ಆದರೆ ಮಾತೃಕೆ ಕರಗಲು ಶುರುವಾಗುವ ತಾಪಕ್ಕಿಂತ ಕೆಳಗೆ ಕಾಯಿಸುತ್ತಾರೆ. ಬಹಳ ಬಳಕೆಯ 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹ 582 ಡಿಗ್ರಿಯಲ್ಲೇ ಕರಗತೊಡಗುತ್ತದೆ. ಹಾಗಾಗಿ ಕೈಯಲ್ಲಿರುವ ಅವಕಾಶ ಸುಮಾರು 34 ಡಿಗ್ರಿ ಮಾತ್ರ.

ಮೂರನೆಯದಾಗಿ, ತಾಮ್ರ ಮತ್ತು ಅಲ್ಯೂಮಿನಿಯಂ ಪರಮಾಣುಗಳು ಒಂದರೊಳಗೊಂದು ವಿಸರಿಸಿ, ಮಿಶ್ರಣ ಸರಿಯಾದ ಪ್ರಮಾಣಕ್ಕೆ ಬಂದ ಕಡೆ ದ್ರವ ಹುಟ್ಟುತ್ತದೆ. ಅದು ಹಾಳೆಯನ್ನು ಪೂರ್ತಿ ನುಂಗಿ, ಎರಡೂ ಬದಿಯ ಅಲ್ಯೂಮಿನಿಯಂನ ತೆಳು ಪದರವನ್ನೂ ಕರಗಿಸಿಕೊಳ್ಳುತ್ತದೆ. ಅಲ್ಯೂಮಿನಿಯಂ ಮೇಲೆ ಯಾವಾಗಲೂ ಕೆಲವು ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಇರುತ್ತದಲ್ಲ, ಅದು ಕರಗಲು 2,000 ಡಿಗ್ರಿಗೂ ಮೇಲೆ ಬೇಕು. ಆದರೆ ಒತ್ತಡಕ್ಕೆ, ಹಿಗ್ಗುವಿಕೆಗೆ ಪೊರೆ ಅಲ್ಲಲ್ಲಿ ಬಿರಿಯುತ್ತದೆ. ಆ ಬಿರುಕಿನಲ್ಲಿ ತಾಮ್ರ ಇಳಿದು ಪೊರೆಯ ಕೆಳಗೇ ದ್ರವವಾಗಿ, ಅದನ್ನು ಎಬ್ಬಿಸಿ ಚೂರು ಮಾಡುತ್ತದೆ. ಎದುರುಬದುರಾಗಿ ಹೊರಚಾಚಿದ ಸಿಲಿಕಾನ್ ಕಾರ್ಬೈಡ್ ಕಣಗಳ ನಡುವಿನ ಸಂದಿಗಳಿಗೂ ದ್ರವ ನುಗ್ಗುತ್ತದೆ.

ನಾಲ್ಕನೆಯ ಹಂತದಲ್ಲಿ ಕುಲುಮೆಯ ತಾಪವನ್ನು ಇಳಿಸೋದಿಲ್ಲ. ಹಾಗೇ ಹಿಡಿದಿಡುತ್ತಾರೆ. ದ್ರವದಲ್ಲಿರುವ ತಾಮ್ರ ನಿಧಾನವಾಗಿ ಎರಡೂ ಬದಿಯ ಘನ ಅಲ್ಯೂಮಿನಿಯಂ ಒಳಕ್ಕೆ ವಿಸರಿಸುತ್ತಾ ಹೋಗುತ್ತದೆ. ತಾಮ್ರ ಕಡಿಮೆಯಾದಂತೆ ಅಂಚಿನ ದ್ರವಕ್ಕೆ ಆ ತಾಪದಲ್ಲಿ ದ್ರವವಾಗಿರಲು ಸಾಧ್ಯವಾಗದು. ಅದು ಅಂಚಿನಿಂದ ಒಳಕ್ಕೆ ಗಟ್ಟಿಯಾಗುತ್ತಾ ಬಂದು, ಕೊನೆಗೆ ಎರಡೂ ಕಡೆಯ ಘನ ನಡುವಿನಲ್ಲಿ ಸೇರುತ್ತದೆ. ಥರ್ಮಾಮೀಟರ್ ಅಲುಗಿಲ್ಲ, ದ್ರವ ಮಾತ್ರ ಇಲ್ಲ. ಇದಕ್ಕೆ ಸಮತಾಪ ಘನೀಕರಣ ಅನ್ನುತ್ತಾರೆ. ಗುಪ್ತೋಷ್ಣ ಇಲ್ಲೂ ಹೊರಬರುತ್ತದೆ, ಆದರೆ ನಿಧಾನವಾಗಿ ಸುತ್ತಲಿನ ಲೋಹಕ್ಕೆ ಹರಿದುಹೋಗುತ್ತದೆ.

ಐದನೆಯದಾಗಿ, ಇನ್ನಷ್ಟು ಹೊತ್ತು ಬಿಟ್ಟರೆ ತಾಮ್ರ ದೂರದೂರಕ್ಕೆ ಹರಡಿ ಬೆಸುಗೆಯ ಜಾಗವೂ ಮೂಲ ಲೋಹದಂತೆಯೇ ಆಗುತ್ತದೆ. ಈಗ ಇದನ್ನು ಮತ್ತೆ 548 ಡಿಗ್ರಿಗೆ ಕಾಯಿಸಿದರೂ ಬೆಸುಗೆ ಕರಗದು. ಇಡೀ ಕೆಲಸ ಅಲ್ಯೂಮಿನಿಯಂನ 660 ಡಿಗ್ರಿಗಿಂತ ನೂರರಷ್ಟು ಕೆಳಗೆ ನಡೆಯುವುದರಿಂದ ಕಾರ್ಬೈಡಿನ ಸೂಜಿಗಳು ಬೆಳೆಯಲು ಆಸ್ಪದವೂ ತೀರ ಕಡಿಮೆ.

'ದ್ರವ ಘನವಾಗಬೇಕಾದರೆ ತಾಪ ಇಳಿಯಲೇಬೇಕು' ಅಂತ ನಾನು ವರ್ಷಗಳಿಂದ ಹಲಗೆ ಮೇಲೆ ಬರೆಸಿದ್ದೇನೆ. ಈಗ ಆ ವಾಕ್ಯ ತಿದ್ದಿಕೊಂಡಿದ್ದೇನೆ: ತಾಪ ಇಳಿಸಿದರೂ ದ್ರವ ಗಟ್ಟಿಯಾಗಬಹುದು, ಅದರಲ್ಲಿ ಬೆರೆತದ್ದನ್ನು ಹೊರಕ್ಕೆ ಸಾಗಿಸಿದರೂ ಆಗಬಹುದು.

ಹಲಗೆಯ ಮೇಲೆ ಮಾಡುವ ಲೆಕ್ಕ

ಹಾಳೆ ಯಾಕೆ ಅಷ್ಟು ತೆಳ್ಳಗಿರಬೇಕು? ಎಂಟು, ಒಂಬತ್ತರ ಮಕ್ಕಳೂ ಇದನ್ನು ಲೆಕ್ಕ ಮಾಡಬಲ್ಲರು.

1 ಗ್ರಾಂ ತಾಮ್ರ ಶೇ. 33ರ ದ್ರವವಾಗಬೇಕಾದರೆ ಜೊತೆಗೆ ಸುಮಾರು 2 ಗ್ರಾಂ ಅಲ್ಯೂಮಿನಿಯಂ ಬೇಕು. ತಾಮ್ರದ ಸಾಂದ್ರತೆ 8.96, ಅಲ್ಯೂಮಿನಿಯಂನದು 2.7. 1 ಗ್ರಾಂ ತಾಮ್ರದ ಗಾತ್ರ 0.11 ಘನ ಸೆಂಟಿಮೀಟರ್. 2 ಗ್ರಾಂ ಅಲ್ಯೂಮಿನಿಯಂನ ಗಾತ್ರ 0.74. ಒಟ್ಟು 0.85. ಅಂದರೆ ಹಾಳೆಗಿಂತ ಎಂಟು ಪಟ್ಟಿನಷ್ಟು ದಪ್ಪದ ದ್ರವ ಹುಟ್ಟುತ್ತದೆ. 5 ಮೈಕ್ರೋಮೀಟರ್ ಹಾಳೆಗೆ ಸುಮಾರು 40 ಮೈಕ್ರೋಮೀಟರ್ ದ್ರವ. 50 ಮೈಕ್ರೋಮೀಟರ್ ಹಾಳೆ ಇಟ್ಟರೆ ಹತ್ತಿರ ಹತ್ತಿರ 0.4 ಮಿಲಿಮೀಟರ್!

ಇನ್ನು ಆ ತಾಮ್ರವನ್ನು ಘನ ಅಲ್ಯೂಮಿನಿಯಂ ನುಂಗಬೇಕಲ್ಲ. 548 ಡಿಗ್ರಿಯಲ್ಲಿ ಘನ ಅಲ್ಯೂಮಿನಿಯಂ ತನ್ನೊಳಗೆ ಹಿಡಿದುಕೊಳ್ಳುವ ತಾಮ್ರ ಹೆಚ್ಚೆಂದರೆ ಶೇ. 5.65. ಅಂದರೆ 1 ಗ್ರಾಂ ತಾಮ್ರ ಅಡಗಲು ಸುಮಾರು 17 ಗ್ರಾಂ ಅಲ್ಯೂಮಿನಿಯಂ ಬೇಕು. ದ್ರವ ಆಗಲು 2 ಸಾಕು, ದ್ರವ ಹೋಗಲು 17 ಬೇಕು. ಕರಗೋದು ಬೇಗ, ಗಟ್ಟಿಯಾಗೋದು ತಡ ಅನ್ನೋದಕ್ಕೆ ಇದೊಂದು ಕಾರಣ.

ವಿಸರಣೆಯ ವೇಗವೂ ನೋಡೋಣ. 550-560 ಡಿಗ್ರಿಯ ಆಸುಪಾಸಿನಲ್ಲಿ ಅಲ್ಯೂಮಿನಿಯಂನೊಳಗೆ ತಾಮ್ರ ಒಂದು ಗಂಟೆಗೆ ಸುಮಾರು 25 ಮೈಕ್ರೋಮೀಟರ್ ದೂರ ಹರಡುತ್ತದೆ. ಎರಡು ಗಂಟೆಗೆ 50 ಅಲ್ಲ! ವಿಸರಣೆಯಲ್ಲಿ ದೂರ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು. 50 ಮೈಕ್ರೋಮೀಟರಿಗೆ 4 ಗಂಟೆ, 100ಕ್ಕೆ 16 ಗಂಟೆ. ಹಾಳೆಯ ದಪ್ಪ ಇಮ್ಮಡಿಯಾದರೆ ಕಾಯುವ ಸಮಯ ನಾಲ್ಕು ಪಟ್ಟಾಗುವುದು ಈ ನಿಯಮದಿಂದಲೇ. ಈ ನಿಯಮದ ಮೂಲ 1855ರಲ್ಲಿ ಅಡಾಲ್ಫ್ ಫಿಕ್ ಕೊಟ್ಟ ವಿಸರಣೆಯ ಸಮೀಕರಣಗಳು. ಅವರು ವೃತ್ತಿಯಿಂದ ಶರೀರಕ್ರಿಯಾ ವಿಜ್ಞಾನಿ. ತಾಪದ ಪ್ರಭಾವವೂ ಜೋರು: 500 ಡಿಗ್ರಿಗಿಂತ 600 ಡಿಗ್ರಿಯಲ್ಲಿ ಈ ವಿಸರಣೆ ಸುಮಾರು 11 ಪಟ್ಟು ವೇಗ. ತಣ್ಣೀರು, ಬಿಸಿನೀರಿನ ಲೋಟಗಳಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳು ಹಾಕಿ ತೋರಿಸ್ತೇವಲ್ಲ, ಅದೇ ಮಾತು.

ತರಗತಿಯಲ್ಲಿ ಮಾಡಿ ನೋಡಿ: ಐಸ್, ಉಪ್ಪು, ದಾರ

ನಿರ್ವಾತ ಕುಲುಮೆ ನಮ್ಮ ಶಾಲೆಗಳಲ್ಲಿ ಇರೋದಿಲ್ಲ. ಅಂಗಡಿಯಿಂದ ತಂದ ನಾಲ್ಕು ತುಂಡು ಐಸ್ ಸಾಕು.

ಬೇಕಾದದ್ದು: ಐಸ್ ತುಂಡು, ಒಂದು ಗೇಣು ಹತ್ತಿ ದಾರ, ಪುಡಿ ಉಪ್ಪು, ತಟ್ಟೆ.

ದಾರವನ್ನು ನೀರಲ್ಲಿ ನೆನೆಸಿ ಐಸಿನ ಮೇಲೆ ಅಡ್ಡಲಾಗಿ ಇಡಿ. ಮೇಲೆ ಒಂದೇ ಒಂದು ಚಿಟಿಕೆ ಉಪ್ಪು ಉದುರಿಸಿ. ಒಂದೆರಡು ನಿಮಿಷ ಕಾಯಿರಿ. ದಾರದ ಎರಡೂ ತುದಿ ಹಿಡಿದು ಮೆಲ್ಲಗೆ ಎತ್ತಿ. ಐಸ್ ಜೊತೆಗೇ ಮೇಲೆ ಬರುತ್ತದೆ.

ಉಪ್ಪು ಬಿದ್ದಲ್ಲಿ ಐಸಿನ ಕರಗುವ ಬಿಂದು ಸೊನ್ನೆಗಿಂತ ಕೆಳಗಿಳಿದು ಅದು ಕರಗುತ್ತದೆ. ಉಪ್ಪು ಮತ್ತು ನೀರಿನ ಯುಟೆಕ್ಟಿಕ್ ಸುಮಾರು ಮೈನಸ್ 21 ಡಿಗ್ರಿ. ಗುತ್ರಿ ಕೂಡ ಇಂಥ ಉಪ್ಪುನೀರಿನ ದ್ರಾವಣಗಳನ್ನು ಅಧ್ಯಯನ ಮಾಡಿದವರು. ಆಮೇಲೆ ಉಪ್ಪು ಸುತ್ತಲಿನ ನೀರಿಗೆ ಹರಡಿ ತೆಳುವಾಗುತ್ತದೆ, ನೀರು ಮತ್ತೆ ಗಟ್ಟಿಯಾಗಿ ದಾರವನ್ನು ಹಿಡಿದುಕೊಳ್ಳುತ್ತದೆ. ಒಂದು ಚಿಟಿಕೆಗೆ ಬದಲು ಒಂದು ಚಮಚ ಉಪ್ಪು ಹಾಕಿದ ಗುಂಪಿನ ಐಸ್ ಕರಗುತ್ತಲೇ ಹೋಗುತ್ತದೆ, ದಾರ ಹಿಡಿಯದು. ಹಾಳೆ ತೆಳ್ಳಗೆ ಯಾಕೆ ಅನ್ನೋ ಪ್ರಶ್ನೆಗೆ ಮಕ್ಕಳೇ ಉತ್ತರ ಕೊಡ್ತಾರೆ.

ಹೋಲಿಕೆ ಎಲ್ಲಿ ನಿಲ್ಲುತ್ತದೆ ಅನ್ನೋದನ್ನೂ ಹೇಳಲೇಬೇಕು. ತಾಮ್ರ ಘನ ಅಲ್ಯೂಮಿನಿಯಂನೊಳಗೇ ಹೋಗಿ ಅಡಗುತ್ತದೆ. ಉಪ್ಪು ಐಸಿನ ಹರಳಿನೊಳಗೆ ಹೋಗದು, ನೀರಿನಲ್ಲೇ ಹರಡುತ್ತದೆ. ಅಲ್ಲದೆ ಐಸ್ ಕರಗುವಾಗ ಗುಪ್ತೋಷ್ಣ ಹೀರಿ ಆ ಜಾಗ ಇನ್ನಷ್ಟು ತಣ್ಣಗಾಗುತ್ತದೆ, ಮತ್ತೆ ಗಟ್ಟಿಯಾಗಲು ಅದೂ ಕಾರಣ. ಕುಲುಮೆಯಲ್ಲಿ ತಾಪ ಬದಲಾಗದು.

ಒಂದು ಎಚ್ಚರಿಕೆ: ಕಾರ್ಬೈಡ್ ಮತ್ತು ನೀರಿನ ಪ್ರಯೋಗವನ್ನು ತರಗತಿಯಲ್ಲಿ ಮಾಡಬೇಡಿ. ಬರುವ ಅನಿಲಗಳು ಬೆಂಕಿ ಹತ್ತುವಂಥವು. ಸಮೀಕರಣ ಬರೆಸಿದರೆ ಸಾಕು.

ಈ ವಿಧಾನ ಎಲ್ಲಿ ಕೈಕೊಡುತ್ತದೆ?

ಎಲ್ಲ ಸರಿಯಾಗಿಬಿಡುತ್ತದೆ ಅಂತಲ್ಲ. ದ್ರವ ಅಲ್ಯೂಮಿನಿಯಂ ಅನ್ನು ಕರಗಿಸಿಕೊಂಡಾಗ ಅದರೊಳಗಿನ ಸಿಲಿಕಾನ್ ಕಾರ್ಬೈಡ್ ಕಣಗಳು ಬಿಡುಗಡೆಯಾಗುತ್ತವೆ. ಗಟ್ಟಿಯಾಗುವ ಅಂಚು ಎರಡೂ ಬದಿಯಿಂದ ಮುಂದೊತ್ತುವಾಗ ಅವು ನಡುಗೆರೆಯಲ್ಲಿ ಗುಂಪಾಗುತ್ತವೆ. ಕಣ ಕಣಕ್ಕೆ ತಾಗಿದಲ್ಲಿ ಲೋಹವಿಲ್ಲ, ಹಿಡಿತವಿಲ್ಲ. ಭಾರ ಬಿದ್ದರೆ ಬೆಸುಗೆ ಅಲ್ಲೇ ಬಿಡುತ್ತದೆ. ಇದಕ್ಕೆ ಮದ್ದು ಎರಡು: ಹಾಳೆ ಆದಷ್ಟು ತೆಳ್ಳಗಿಡೋದು, ಒತ್ತಡದಿಂದ ಹೆಚ್ಚಿನ ದ್ರವವನ್ನು ಹೊರಕ್ಕೆ ಹಿಂಡೋದು. ಹಿಂಡಿದಾಗ ಒಡೆದ ಆಕ್ಸೈಡ್ ಚೂರುಗಳೂ ಹೊರಹೋಗುತ್ತವೆ. ಆದರೆ ಒತ್ತಡ ಅತಿಯಾದರೆ ಬಿಸಿಯಲ್ಲಿ ಮೆತ್ತಗಾದ ಭಾಗದ ಆಕಾರವೇ ಕೆಡುತ್ತದೆ. ತಾಮ್ರದ ಬದಲು ಬೆಳ್ಳಿಯನ್ನೂ ಬಳಸಬಹುದು. ಅಲ್ಯೂಮಿನಿಯಂ ಜೊತೆ ಅದರ ಯುಟೆಕ್ಟಿಕ್ 567 ಡಿಗ್ರಿ.

ಹಳೆಯದೇ, ಹೊಸದಾಗಿ

ಜೆಟ್ ಎಂಜಿನ್ನಿನ ನಿಕ್ಕಲ್ ಮಿಶ್ರಲೋಹಗಳಿಗಾಗಿ ಡುವಾಲ್, ಓಜಾರ್ಸ್ಕಿ, ಪೌಲೋನಿಸ್ ಎಂಬ ಅಮೆರಿಕದ ಮೂವರು ತಜ್ಞರು 1974ರಲ್ಲಿ ಈ ವಿಧಾನವನ್ನು ವಿವರಿಸಿ ಪ್ರಕಟಿಸಿದರು. ಅಲ್ಲಿ ತಾಮ್ರದ ಜಾಗದಲ್ಲಿ ಬೋರಾನ್. ಆದರೆ ಇದರ ತಿರುಳು ಅಕ್ಕಸಾಲಿಗರಿಗೆ ಸಾವಿರಾರು ವರ್ಷಗಳ ಹಿಂದೆಯೇ ಕೈಗೆ ಸಿಕ್ಕಿತ್ತು. ಇಟಲಿಯ ಪ್ರಾಚೀನ ಎಟ್ರುಸ್ಕನ್ನರ ಒಡವೆಗಳಲ್ಲಿ ಸಾಸಿವೆಗಿಂತ ಚಿಕ್ಕ ಚಿನ್ನದ ಗುಂಡುಗಳು ಬೆಸುಗೆಯ ಗುರುತೇ ಕಾಣದಂತೆ ಅಂಟಿಕೊಂಡಿವೆ. ತಾಮ್ರದ ಲವಣವನ್ನು ಅಂಟಿನಲ್ಲಿ ಕಲಸಿ ಗುಂಡನ್ನು ಕೂರಿಸಿ ಕಾಯಿಸಿದರೆ ಇದನ್ನು ಸಾಧಿಸಬಹುದು ಅಂತ 1930ರ ದಶಕದಲ್ಲಿ ಇಂಗ್ಲೆಂಡಿನ ಲಿಟಲ್‌ಡೇಲ್ ಮಾಡಿ ತೋರಿಸಿದರು. ಅಂಟು ಸುಟ್ಟು ಇದ್ದಿಲಾಗಿ ತಾಮ್ರದ ಆಕ್ಸೈಡನ್ನು ಅಪಕರ್ಷಿಸುತ್ತದೆ. ಚಿನ್ನ ಕರಗಲು 1,064 ಡಿಗ್ರಿ ಬೇಕು, ತಾಮ್ರಕ್ಕೆ 1,085. ಎರಡೂ ಬೆರೆತ ಕಡೆ 900ರ ಆಸುಪಾಸಿನಲ್ಲೇ ಕರಗುತ್ತದೆ. ಆಮೇಲೆ ತಾಮ್ರ ಚಿನ್ನದೊಳಗೆ ಹರಡಿ ಗುರುತು ಮಾಯ.

ಮಕ್ಕಳಿಗೆ ಪ್ರಶ್ನೆಗಳು

1. ಮೇಲಿನ ಎರಡು ಕಾರ್ಬೈಡ್ ಸಮೀಕರಣಗಳನ್ನು ರಾಸಾಯನಿಕ ಚಿಹ್ನೆಗಳಲ್ಲಿ ಬರೆದು, ಎರಡೂ ಬದಿಯ ಪರಮಾಣುಗಳನ್ನು ಎಣಿಸಿ ತಾಳೆ ನೋಡಿ.

2. 10 ಮೈಕ್ರೋಮೀಟರ್ ತಾಮ್ರದ ಹಾಳೆಯಿಂದ ಎಷ್ಟು ದಪ್ಪದ ದ್ರವ ಹುಟ್ಟುತ್ತದೆ? (ಉತ್ತರ: ಸುಮಾರು 80 ಮೈಕ್ರೋಮೀಟರ್.)

3. ತಾಮ್ರ 25 ಮೈಕ್ರೋಮೀಟರ್ ಹರಡಲು 1 ಗಂಟೆ ಬೇಕಾದರೆ 75 ಮೈಕ್ರೋಮೀಟರಿಗೆ ಎಷ್ಟು? (ಉತ್ತರ: 9 ಗಂಟೆ.)

4. ಈ ಕೆಲಸವನ್ನು 540 ಡಿಗ್ರಿಯಲ್ಲಿ ಮಾಡಿದರೆ ಏನಾಗುತ್ತದೆ? 600 ಡಿಗ್ರಿಯಲ್ಲಿ? (540ರಲ್ಲಿ ದ್ರವವೇ ಹುಟ್ಟದು. 600ರಲ್ಲಿ 6061 ಮಾತೃಕೆಯೇ ಕರಗತೊಡಗುತ್ತದೆ.)

5. ನಿಮ್ಮ ಊರಿನ ಅಕ್ಕಸಾಲಿಗರನ್ನೋ ವೆಲ್ಡರನ್ನೋ ಕಂಡು, ಅವರು ಬಳಸುವ ಬೆಸುಗೆಲೋಹ ಯಾವುದು, ಮೂಲ ಲೋಹ ಕರಗುತ್ತದೆಯೇ ಇಲ್ಲವೇ ಎಂದು ಕೇಳಿ ಬರೆಯಿರಿ.

ನನ್ನ ವಿದ್ಯಾರ್ಥಿಗೆ ಇದನ್ನೆಲ್ಲ ಎರಡು ಭಾನುವಾರ ಕೂತು ಹೇಳಿದೆ. "ಹಾಗಾದ್ರೆ ನಮ್ಮ ಶಾಪಿನ ಟಾರ್ಚಿನಲ್ಲಿ ಅದು ಆಗೋದೇ ಇಲ್ವಾ?" ಅಂತ ಕೇಳಿದ. ಆಗೋದಿಲ್ಲ, ನಿರ್ವಾತ ಕುಲುಮೆ ಬೇಕು ಅಂದೆ. "ಅಂದ್ರೆ ಕೈ ತಪ್ಪಲ್ಲ" ಅಂದ. ಅಲ್ಲ ಅಂದೆ. ಹಿಡಿದ ಸಂಬಳ ವಾಪಸ್ ಬರಲಿಲ್ಲ. ಆದರೆ ಈಗ 'ಅಲ್ಯೂಮಿನಿಯಂ' ಅಂತ ಯಾರು ಏನೇ ತಂದರೂ ಮೊದಲು ಒಂದು ಮೂಲೆಯಲ್ಲಿ ಹಳೇ ಅರ ಹಾಕಿ ನೋಡ್ತಾನಂತೆ. ಅರ ಜಾರಿ ಸವೆದರೆ, ಏನು ಬೆರೆಸಿದ್ದಾರೆ ಅಂತ ಕೇಳಿ ತಿಳಿದುಕೊಂಡೇ ಕೆಲಸ ಹಿಡಿಯೋದು. ಮಾಲೀಕರಿಗೂ ಕಾರಣ ವಿವರಿಸಿದನಂತೆ, ಕನ್ನಡದಲ್ಲೇ.

ಐಸ್ ಮತ್ತು ದಾರದ ಪ್ರಯೋಗವನ್ನು ನಿಮ್ಮ ಶಾಲೆಯಲ್ಲಿ ಮಾಡಿದರೆ, ಎಷ್ಟು ಉಪ್ಪಿಗೆ ದಾರ ಹಿಡಿಯಿತು, ಎಷ್ಟಕ್ಕೆ ಹಿಡಿಯಲಿಲ್ಲ ಎಂದು ಅಳತೆ ಸಮೇತ ಪತ್ರಿಕೆಗೆ ಬರೆದು ಕಳಿಸಿ. ನೀಲಗಿರಿಯ ಚಳಿಯಲ್ಲಿ, ಸೊಲ್ಲಾಪುರದ ಬಿಸಿಲಲ್ಲಿ, ಕಾಸರಗೋಡಿನ ಸೆಕೆಯಲ್ಲಿ ಉತ್ತರ ಬೇರೆ ಬೇರೆ ಬರಬಹುದು. ಎಲ್ಲವನ್ನೂ ಒಂದು ಕೋಷ್ಟಕ ಮಾಡಿ ಮಕ್ಕಳ ಮುಂದಿಡೋಣ.